ಪರೀಕ್ಷೆ ಮುಗೀತು, ಕಾರಿನಲ್ಲಿ ಎಲ್ಲಿಗೆ? ಏಪ್ರಿಲ್ ಪ್ರವಾಸಕ್ಕೆ ಜಾಗ ಆರಿಸುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಬೇಡಿ. ಈ ಮಾತಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಪರೀಕ್ಷೆ ಮುಗಿದ ಮೇಲೆ ಮನೆಯಲ್ಲಿ ಪಟ್ಟಿ ಮಾಡಲು ಕೂತರೆ ಮೊದಲು ಬರುವ ಹೆಸರುಗಳಲ್ಲಿ ಜೋಗ ಇದ್ದೇ ಇರುತ್ತದೆ. 253 ಮೀಟರ್ ಎತ್ತರದ ಬಂಡೆ ಅಲ್ಲೇ ಇರುತ್ತದೆ, ನೀರು ಮಾತ್ರ ಇರುವುದಿಲ್ಲ. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ಕರೆಂಟಿಗಾಗಿ ಹಿಡಿದಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಕೆಳಗೆ ಬೀಳುವುದು ನಾಲ್ಕು ಎಳೆ ನೀರು. ಏಳೆಂಟು ಗಂಟೆ ಕಾರು ಓಡಿಸಿ ಒಣ ಬಂಡೆ ನೋಡಿ ಬಂದವರು ಕಡಿಮೆಯಿಲ್ಲ.

ಜೋಗ ಕೆಟ್ಟ ಜಾಗ ಅಂತಲ್ಲ. ಅದು ಜುಲೈನಿಂದ ಸೆಪ್ಟೆಂಬರ್‌ವರೆಗಿನ ಜಾಗ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಪ್ರವಾಸಕ್ಕೆ ಹೆಸರುವಾಸಿ ಜಾಗ ಬೇಡ, ಈ ತಿಂಗಳಿಗೆ ಒಗ್ಗುವ ಜಾಗ ಬೇಕು. ಅದನ್ನು ಹುಡುಕುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ಹೊರಡುವುದು ಬೆಂಗಳೂರಿನಿಂದ ಅಂತ ಇಟ್ಟುಕೊಂಡಿದ್ದೇನೆ. ಮೈಸೂರು, ತುಮಕೂರು, ದಾವಣಗೆರೆಯವರು ದೂರ ಬದಲಿಸಿಕೊಂಡರೆ ಸಾಕು, ಲೆಕ್ಕ ಅದೇ.

1. ಮೊದಲು ರಾತ್ರಿಗಳನ್ನು ಎಣಿಸಿ

ಜಾಗದ ಹೆಸರು ಆಮೇಲೆ. ಮೊದಲು ಎಷ್ಟು ರಾತ್ರಿ ಹೊರಗಿರುತ್ತೀರಿ ಅಂತ ನಿರ್ಧರಿಸಿ. ಎರಡು ಮಕ್ಕಳು ಎರಡು ಬೇರೆ ಬೋರ್ಡಿನ ಶಾಲೆಯಲ್ಲಿದ್ದರೆ ಇದೇ ದೊಡ್ಡ ತಲೆನೋವು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ ಶುರುವಾಗಿ ಮೇ ಮುಗಿಯುವವರೆಗೂ ಇರುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿದು ಸ್ವಲ್ಪ ಬಿಡುವು ಸಿಗುತ್ತದೆ, ಮತ್ತೆ ಹೊಸ ತರಗತಿ ಆರಂಭವಾಗಿ ಆಮೇಲೆ ಬೇಸಿಗೆ ರಜೆ. ಇಬ್ಬರಿಗೂ ಬಿಡುವಿರುವ ದಿನಗಳನ್ನು ಗುರುತು ಮಾಡಿ.

ಆಮೇಲೆ ಆ ದಿನಗಳಿಂದ ಉದ್ದ ವಾರಾಂತ್ಯಗಳನ್ನು ಕಿತ್ತುಹಾಕಿ. ಯುಗಾದಿ, ಗುಡ್ ಫ್ರೈಡೇ, ಅಂಬೇಡ್ಕರ್ ಜಯಂತಿ ಎಲ್ಲವೂ ಇದೇ ಆಸುಪಾಸಿನಲ್ಲಿ ಬರುತ್ತವೆ. ಮೂರು ದಿನ ರಜೆ ಸಿಕ್ಕಿತು ಅಂತ ಇಡೀ ಬೆಂಗಳೂರು ನೆಲಮಂಗಲದಲ್ಲಿ ಸಾಲು ನಿಂತಿರುತ್ತದೆ. ಮಕ್ಕಳಿಗೆ ಹೇಗೂ ರಜೆ. ನೀವು ನಾಲ್ಕು ದಿನ ರಜೆ ಹಾಕಿ ಸೋಮವಾರದಿಂದ ಗುರುವಾರ ಹೋಗಿ ಬಂದರೆ ರಸ್ತೆಯೂ ಖಾಲಿ, ರೂಮಿನ ಬಾಡಿಗೆಯೂ ಕಡಿಮೆ.

2. ದೂರವನ್ನು ಗಂಟೆಯಲ್ಲಿ ಅಳೆಯಿರಿ

ಕಿಲೋಮೀಟರ್ ನಂಬಬೇಡಿ. ಹಾಸನಕ್ಕೆ ಸುಮಾರು 185 ಕಿಲೋಮೀಟರ್, ಹೆದ್ದಾರಿ ಚೆನ್ನಾಗಿದೆ, ಆರಾಮಾಗಿ ತಲುಪುತ್ತೀರಿ. ಅಲ್ಲಿಂದ ಮುಂದೆ ಘಟ್ಟ ಇಳಿಯಲು ಹೊರಟರೆ ಲೆಕ್ಕವೇ ಬೇರೆ. ಶಿರಾಡಿಯಲ್ಲಿ ಎರಡು ಟ್ಯಾಂಕರ್ ಹಿಂದೆ ಸಿಕ್ಕಿಬಿದ್ದರೆ ಮ್ಯಾಪ್ ಹೇಳಿದ ಸಮಯವನ್ನು ಮರೆತುಬಿಡಿ.

ನಾನು ಪಾಲಿಸುವ ಲೆಕ್ಕ ಇದು: ಮ್ಯಾಪ್ ತೋರಿಸುವ ಸಮಯಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ. ತಿಂಡಿ, ಮಕ್ಕಳ ಒಂದು, ಎರಡು, ಡೀಸೆಲ್ ಎಲ್ಲಾ ಅದರಲ್ಲಿ ಬಂತು. ಹೀಗೆ ಸೇರಿಸಿದ ಮೇಲೆ, ಎರಡು ರಾತ್ರಿಯ ಪ್ರವಾಸಕ್ಕೆ ಒಂದು ಬದಿಗೆ ಐದು ಗಂಟೆ ಮೀರಬಾರದು. ಮೂರು ನಾಲ್ಕು ರಾತ್ರಿ ಇದ್ದರೆ ಏಳು ಗಂಟೆ ಪರವಾಗಿಲ್ಲ. ಐದು ಗಂಟೆಯೊಳಗೆ ಬೆಂಗಳೂರಿಗೆ ಬೇಲೂರು, ಸಕಲೇಶಪುರ, ಮೈಸೂರು, ಬಿಳಿಗಿರಿರಂಗನ ಬೆಟ್ಟ, ಚಿತ್ರದುರ್ಗ, ಆಂಧ್ರದ ಲೇಪಾಕ್ಷಿ ಮತ್ತು ಹಾರ್ಸ್ಲಿ ಹಿಲ್ಸ್, ತಮಿಳುನಾಡಿನ ಏಲಗಿರಿ ಸಿಗುತ್ತವೆ. ಚಿಕ್ಕಮಗಳೂರು ಆ ಗಡಿಯಲ್ಲಿ ಬರುತ್ತದೆ, ಮಡಿಕೇರಿ ಸ್ವಲ್ಪ ಆಚೆ. ಹಂಪಿ, ವಯನಾಡು, ಊಟಿ, ಕರಾವಳಿ ಇನ್ನೂ ಆಚೆ. ಬಾದಾಮಿ, ಗೋಕರ್ಣ ಅಂದರೆ ಇಡೀ ದಿನ ಕಾರಿನಲ್ಲೇ.

3. ಎತ್ತರ ನೋಡಿ, ಹೆಸರು ಹೊಡೆದುಹಾಕಿ

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಜನ ಎಡವುವುದೇ ಇಲ್ಲಿ.

ಬೆಟ್ಟದ ಜಾಗ ಅಂದರೆ ತಂಪು ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಪ್ರತಿ ಸಾವಿರ ಮೀಟರ್ ಮೇಲೇರಿದರೆ ಬಿಸಿಲು ಸುಮಾರು ಆರು ಡಿಗ್ರಿ ಕಡಿಮೆಯಾಗುತ್ತದೆ. ಅಷ್ಟೇ. ಈಗ ಬೆಂಗಳೂರಿನ ಎತ್ತರ ನೋಡಿ: ಸುಮಾರು 920 ಮೀಟರ್. ಸಕಲೇಶಪುರ ಪಟ್ಟಣವೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಸಕಲೇಶಪುರದಲ್ಲೂ ನಮ್ಮ ಮನೆಯಷ್ಟೇ ಸೆಖೆ. ಅಲ್ಲಿ ಲಾಭ ಇರುವುದು ಮರದ ನೆರಳಿನಿಂದ ಮತ್ತು ರಾತ್ರಿಯ ತಂಪಿನಿಂದ. ಮಡಿಕೇರಿ 1,150 ಮೀಟರ್ ಆಸುಪಾಸು, ಸ್ವಲ್ಪ ಉತ್ತಮ. ಕೆಮ್ಮಣ್ಣುಗುಂಡಿ 1,434, ಅಲ್ಲಿ ಗಾಳಿಯೇ ಬೇರೆ. ಊಟಿ 2,240, ಸಂಜೆ ಸ್ವೆಟರ್ ಬೇಕೇ ಬೇಕು. ಮೈಸೂರು ಬೆಂಗಳೂರಿಗಿಂತ ತಗ್ಗಿನಲ್ಲಿದೆ, ಹಾಗಾಗಿ ಒಂದೆರಡು ಡಿಗ್ರಿ ಜಾಸ್ತಿಯೇ. ಹಂಪಿ ಐನೂರು ಮೀಟರ್‌ಗಿಂತ ಕೆಳಗಿದೆ. ಮೇಲಿಂದ ಬಿಸಿಲು, ಸುತ್ತ ಬಂಡೆ.

ಈ ಅಳತೆ ಹಿಡಿದು ಪಟ್ಟಿಯನ್ನು ಸೋಸಿ.

ಹಂಪಿ, ಬಾದಾಮಿ, ಚಿತ್ರದುರ್ಗ, ಆಂಧ್ರದ ಗಂಡಿಕೋಟೆ: ನವೆಂಬರ್‌ನಿಂದ ಫೆಬ್ರವರಿಗೆ ತೆಗೆದಿಡಿ. ಹಂಪಿಗೆ ಹೋಗಲೇಬೇಕು ಅಂತಿದ್ದರೆ ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕೂವರೆ ಮೇಲೆ. ನಡುವೆ ಎ.ಸಿ. ರೂಮು ಅಥವಾ ಕಮಲಾಪುರದ ವಸ್ತುಸಂಗ್ರಹಾಲಯ. ಅದಕ್ಕೆ ಶುಕ್ರವಾರ ರಜೆ. ಒಂದು ಒಳ್ಳೆಯ ನೆಪವೂ ಇದೆ: ವಿರೂಪಾಕ್ಷನ ತೇರು ಚೈತ್ರ ಹುಣ್ಣಿಮೆಗೆ ಎಳೆಯುತ್ತಾರೆ. ಜಾತ್ರೆಗೆ ಹೋಗುವವರು ಬಿಸಿಲು ಲೆಕ್ಕ ಹಾಕುವುದಿಲ್ಲ ಬಿಡಿ.

ಜಲಪಾತಗಳು: ಜೋಗ ಮಾತ್ರ ಅಲ್ಲ, ಶಿವನಸಮುದ್ರ, ಅಬ್ಬಿ ಎಲ್ಲವೂ ಸೊರಗಿರುತ್ತವೆ. ಜಲಪಾತದ ಹೆಸರಲ್ಲಿ ಯಾವ ಊರನ್ನೂ ಆರಿಸಬೇಡಿ. ದಾರಿಯಲ್ಲಿ ಸಿಕ್ಕರೆ ಇಳಿದು ನೋಡಿ ಅಷ್ಟೇ.

ಚಾರಣ: ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಹಲವು ದಾರಿಗಳನ್ನು ಮುಚ್ಚುತ್ತದೆ. ಕುಮಾರ ಪರ್ವತದ ಕನಸಿದ್ದರೆ ಮಳೆಗಾಲ ಕಳೆಯಲಿ.

ಕರಾವಳಿ: ಇಲ್ಲಿ ಥರ್ಮಾಮೀಟರ್ ಮೋಸ ಮಾಡುತ್ತದೆ. 34 ಡಿಗ್ರಿ ಅಂತ ತೋರಿಸುತ್ತದೆ, ಆದರೆ ಹಾಕಿದ ಅಂಗಿ ಹತ್ತು ನಿಮಿಷಕ್ಕೆ ಬೆನ್ನಿಗೆ ಅಂಟಿರುತ್ತದೆ. ರಾತ್ರಿಯೂ ತಂಪಾಗುವುದಿಲ್ಲ. ಆದರೂ ಸಣ್ಣ ಮಕ್ಕಳಿದ್ದರೆ ಪಟ್ಟಿಯಿಂದ ತೆಗೆಯಬೇಡಿ. ಅವರಿಗೆ ಸೆಖೆ ಲೆಕ್ಕಕ್ಕಿಲ್ಲ, ನೀರು ಮುಖ್ಯ. ಜೂನ್ ಬಂದರೆ ಕಡಲು ಏಳುತ್ತದೆ, ಈಗ ಶಾಂತವಾಗಿರುತ್ತದೆ. ಆದರೂ ಸೆಳೆತ ಎಲ್ಲಿದೆ ಅಂತ ಅಲ್ಲಿನ ಮೀನುಗಾರರನ್ನು ಕೇಳದೆ ನೀರಿಗೆ ಇಳಿಯಬೇಡಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಸಂಜೆ ಐದೂವರೆಗೆ ಅಲ್ಲಿ ಇರುವ ಹಾಗೆ ದಾರಿ ಹಾಕಿಕೊಳ್ಳಿ.

4. ಈ ತಿಂಗಳಲ್ಲೇ ಸಿಗುವುದು ಏನು?

ಹೊಡೆದುಹಾಕುವುದು ಮುಗಿಯಿತು. ಈಗ ಏಪ್ರಿಲ್ ಏನು ಕೊಡುತ್ತದೆ ನೋಡಿ. ಮೂರು ಸಂಗತಿಗಳಿಗಾಗಿ ನಾನು ಬೇರೆಲ್ಲ ಪಟ್ಟಿ ಪಕ್ಕಕ್ಕಿಡುತ್ತೇನೆ.

ಮೊದಲನೆಯದು ಕಾಫಿ ಹೂವು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೂಮಳೆ ಬೀಳುತ್ತದೆ. ಒಂದು ಒಳ್ಳೆಯ ಮಳೆ ಬಿದ್ದ ಎಂಟರಿಂದ ಹತ್ತು ದಿನಕ್ಕೆ ಗಿಡ ಹೂ ಬಿಡುತ್ತದೆ. ಅಲ್ಲೊಂದು ಇಲ್ಲೊಂದು ಅಲ್ಲ, ಇಡೀ ತೋಟ ಒಟ್ಟಿಗೆ. ಎಲೆಯ ಬುಡಬುಡದಲ್ಲಿ ಬಿಳಿ ಹೂವಿನ ಗೊಂಚಲು, ರೆಂಬೆ ಕಾಣದಷ್ಟು. ಕಾರಿನ ಕಿಟಕಿ ಇಳಿಸಿದರೆ ಮಲ್ಲಿಗೆಯ ಹತ್ತಿರದ ಒಂದು ವಾಸನೆ, ಕಿವಿ ಕೊಟ್ಟರೆ ಜೇನುನೊಣಗಳ ಸದ್ದು. ಎರಡು ಮೂರು ದಿನಕ್ಕೆ ಹೂವು ಕಂದಿಹೋಗುತ್ತದೆ. ಹಾಗಾಗಿ ದಿನಾಂಕ ಮೊದಲೇ ಗೊತ್ತು ಮಾಡಿ ಹೂವು ನೋಡಲು ಆಗುವುದಿಲ್ಲ. ಆದರೆ ಒಂದು ಉಪಾಯ ಇದೆ. ಹೋಮ್‌ಸ್ಟೇಯವರಿಗೆ ಫೋನ್ ಮಾಡಿ "ಮಳೆ ಬಿತ್ತಾ? ಯಾವತ್ತು? ಎಷ್ಟು?" ಅಂತ ಕೇಳಿ. ತೋಟದವರಿಗೆ ಮಳೆಯ ಲೆಕ್ಕ ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಸಮೇತ ಬಾಯಲ್ಲೇ ಇರುತ್ತದೆ. ಅವರು ಹೇಳಿದ ದಿನಕ್ಕೆ ಒಂಬತ್ತು ಸೇರಿಸಿ ಹೊರಡಿ. ಮಳೆ ಬರಲಿಲ್ಲ ಅಂದರೂ ರೊಬಸ್ಟಾ ಜಾತಿಯ ಕಾಫಿ ಬೆಳೆಯುವ ಅನೇಕರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಅದನ್ನೂ ಕೇಳಿ ನೋಡಿ.

ಎರಡನೆಯದು ಹಕ್ಕಿಗಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಬೆಂಗಳೂರಿನಿಂದ 80 ಕಿಲೋಮೀಟರ್ ಆಸುಪಾಸು. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಡಿಸೆಂಬರ್ ಹೊತ್ತಿಗೆ ಬಂದು ಊರಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮಾರ್ಚ್, ಏಪ್ರಿಲ್‌ಗೆ ಗೂಡಿನ ತುಂಬ ಮರಿಗಳು. ಕಾಡಿಗೆ ಹೋಗಬೇಕಾಗಿಲ್ಲ, ಬೈನಾಕ್ಯುಲರ್ ಕೂಡ ಬೇಕಾಗಿಲ್ಲ. ಮನೆಯ ಹಿತ್ತಿಲ ಮರದ ಮೇಲೆ ಆಳುದ್ದದ ರೆಕ್ಕೆ ಬಿಚ್ಚಿ ಹಕ್ಕಿ ಇಳಿಯುತ್ತದೆ, ಕೆಳಗೆ ಅಜ್ಜಿ ರಾಗಿ ಕೇರುತ್ತಿರುತ್ತಾರೆ. ಮರದ ಬುಡದಲ್ಲಿ ನಿಲ್ಲುವ ಮುಂಚೆ ತಲೆಗೆ ಟೋಪಿ ಹಾಕಿ, ಕಾರಣ ಹೇಳಬೇಕಿಲ್ಲ ಅಲ್ವಾ. ಬೆಳಿಗ್ಗೆ ಏಳೂವರೆಯೊಳಗೆ ಅಲ್ಲಿರಿ. ಎಕ್ಸ್‌ಪ್ರೆಸ್ ವೇ ಹತ್ತಿದರೆ ತಿರುವು ತಪ್ಪುತ್ತದೆ, ಚನ್ನಪಟ್ಟಣ ದಾಟಿದ ಮೇಲೆ ಹಳೆ ಮೈಸೂರು ರಸ್ತೆಯಲ್ಲೇ ಸಾಗಿ. ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲೂ ಇದು ಮರಿಗಳ ಕಾಲವೇ. ದೋಣಿಗೆ ಬೆಳಗ್ಗೆಯೇ ಹೋಗಿ.

ಮೂರನೆಯದು ಕಬಿನಿ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಕೆಳಗಿನ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಾಡಿನೊಳಗೆ ಕೆರೆಕಟ್ಟೆ ಬತ್ತಿರುವುದರಿಂದ ಆನೆಗಳ ಹಿಂಡು ಅಲ್ಲಿಗೆ ಬರುತ್ತದೆ. ನಮಗೆ ಸೆಖೆ ಅನ್ನಿಸುವ ಕಾಲವೇ ಪ್ರಾಣಿ ನೋಡಲು ಒಳ್ಳೆಯ ಕಾಲ. ಆದರೆ ಸಫಾರಿ ನಂಬಿಕೊಂಡು ಹೊರಡುವ ಮುನ್ನ ಅದು ನಡೆಯುತ್ತಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಇಂಥ ಆದೇಶ ಯಾವಾಗ ಬೇಕಾದರೂ ಬರಬಹುದು.

ಮಾವಿನ ಹಣ್ಣಿಗೆ ಅಂತ ಶ್ರೀನಿವಾಸಪುರದ ಕಡೆ ಹೋಗುವವರು ಮೇ ಕೊನೆವರೆಗೆ ಕಾಯಿರಿ. ಏಪ್ರಿಲ್‌ನಲ್ಲಿ ಸಿಗುವುದು ಉಪ್ಪಿನಕಾಯಿಗೆ.

5. ಕಾರಿನಲ್ಲಿ ಯಾರಿದ್ದಾರೆ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಮಂಡಿನೋವಿನ ಅಜ್ಜಿ ಇದ್ದರೆ ಶ್ರವಣಬೆಳಗೊಳ ಬಿಡಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡೆದದ್ದು, ಬರಿಗಾಲಲ್ಲಿ ಹತ್ತಬೇಕು. ಹನ್ನೊಂದು ಗಂಟೆಗೆ ಇಳಿಯುವವರು ನಡೆಯುವುದಿಲ್ಲ, ಕುಣಿಯುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರದಲ್ಲೂ ಗುಡಿಯ ಒಳಗೆ ತಂಪು, ಆದರೆ ಅಂಗಳದ ಕಲ್ಲು ಸುಡುತ್ತದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನವೂ ಜಾಸ್ತಿ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಹತ್ತಿ ಸಾಕ್ಸ್ ಇಟ್ಟುಕೊಳ್ಳಿ, ಹೊರಗೋಡೆಯ ಶಿಲ್ಪಗಳನ್ನು ಸಮಾಧಾನವಾಗಿ ನೋಡಬಹುದು.

ತಿರುವಿನ ರಸ್ತೆಯಲ್ಲಿ ವಾಂತಿ ಮಾಡುವ ಮಗು ಇದ್ದರೆ ಆಗುಂಬೆ, ಚಾರ್ಮಾಡಿ, ಸಂಪಾಜೆ ಘಟ್ಟಗಳನ್ನು ಬೆಳಗಿನ ತಿಂಡಿಗೆ ಮೊದಲೇ ದಾಟುವ ಹಾಗೆ ಯೋಜನೆ ಹಾಕಿ. ಹದಿನೈದು ದಾಟಿದ ಮಕ್ಕಳಿದ್ದರೆ ಆಯ್ಕೆಯನ್ನು ಅವರಿಗೇ ಬಿಡಿ. ಅಂತಿಮ ಮೂರು ಹೆಸರು ನೀವು ಕೊಡಿ, ಒಂದನ್ನು ಅವರು ಆರಿಸಲಿ. ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂರುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ.

6. ಗೇಟು, ಪಾಸು, ಹೊತ್ತು

ಊಟಿ ಅಥವಾ ಕೊಡೈಕೆನಾಲ್ ಅಂತ ನಿರ್ಧರಿಸಿದರೆ ಮೊದಲು ಇ-ಪಾಸ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇದು ಜಾರಿಗೆ ಬಂತು. 2025ರ ಏಪ್ರಿಲ್‌ನಿಂದ ಬೇಸಿಗೆಗೆ ದಿನದ ಮಿತಿಯನ್ನೂ ಹಾಕಿದರು: ಊಟಿಗೆ ವಾರದ ದಿನ 6,000 ವಾಹನ, ವಾರಾಂತ್ಯಕ್ಕೆ 8,000. ಹೊರಡುವ ಮೊದಲು ಆ ವರ್ಷದ ನಿಯಮ ನೋಡಿಕೊಳ್ಳಿ. ಪಾಸ್ ಸಿಕ್ಕ ಮೇಲೆ ರೂಮ್ ಬುಕ್ ಮಾಡಿ, ಮೊದಲು ರೂಮ್ ಬುಕ್ ಮಾಡಿ ಆಮೇಲೆ ಪಾಸ್‌ಗೆ ಒದ್ದಾಡಬೇಡಿ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೂ ನಿಷೇಧ ಇದೆ, ಚೆಕ್‌ಪೋಸ್ಟ್‌ನಲ್ಲಿ ದಂಡ ಹಾಕುತ್ತಾರೆ. ಸ್ಟೀಲ್ ಬಾಟಲಿ ಒಯ್ಯಿರಿ.

ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಅಷ್ಟೇ, ಸುಲ್ತಾನ್ ಬತ್ತೇರಿ ಕಡೆಗೂ ಅಷ್ಟೇ. ಎಚ್.ಡಿ. ಕೋಟೆ ಮೇಲಿಂದ ಮಾನಂತವಾಡಿಗೆ ಹೋಗುವ ಕಾಡುದಾರಿ ಇನ್ನೂ ಬೇಗ, ಸಂಜೆ ಆರಕ್ಕೇ ಮುಚ್ಚುತ್ತದೆ. ಬಿಳಿಗಿರಿರಂಗನ ಬೆಟ್ಟದ ಗೇಟೂ ಕತ್ತಲಿಗೆ ಮುಂಚೆ. ಮುಳ್ಳಯ್ಯನಗಿರಿಗೆ ವಾಹನ ಒಯ್ಯಲು ಈಗ ಮೊದಲೇ ಆನ್‌ಲೈನ್ ಬುಕಿಂಗ್ ಕೇಳುತ್ತಾರೆ.

ಟೋಲ್ ವಿಷಯ ಒಂದೇ ಮಾತು: ಸ್ವಂತ ಕಾರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವವರಿಗೆ ಲಾಭ. ರಾಜ್ಯ ಹೆದ್ದಾರಿಯ ಟೋಲ್‌ಗೆ ಅದು ನಡೆಯುವುದಿಲ್ಲ.

7. ರೂಮ್ ಬುಕ್ ಮಾಡುವಾಗ ಕೇಳಬೇಕಾದ್ದು

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಫೋನ್ ಮಾಡಿ. "ಈಗ ನೀರಿಗೆ ತೊಂದರೆ ಇದೆಯಾ?" ಅಂತ ಮೊದಲು ಕೇಳಿ. ಫೋಟೋದಲ್ಲಿ ತುಂಬಿ ಹರಿಯುವ ತೊರೆ ಆಗಸ್ಟ್‌ನದ್ದು, ಏಪ್ರಿಲ್‌ನಲ್ಲಿ ಅಲ್ಲಿ ಬರೀ ಕಲ್ಲು. ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದೆಯೇ? ರೂಮಿನ ಮೇಲೆ ಹೆಂಚಾ, ತಗಡಾ? ತಗಡಾದರೆ ಬೇಡ ಅನ್ನಿ. ಕೊನೆಯ ಎರಡು ಕಿಲೋಮೀಟರ್‌ಗೆ ಸಣ್ಣ ಕಾರು ಹೋಗುತ್ತದೆಯೇ, ಅಥವಾ ಜೀಪು ಕಳಿಸುತ್ತಾರೆಯೇ? ಊಟ ಅಲ್ಲೇ ಸಿಗುತ್ತದೆಯೇ? ಕೊಡಗು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಡುತ್ತಿದ್ದರೆ ಸಂಜೆ ಮೇಲೆ ಊಟಕ್ಕೆ ಅಂತ ಹೊರಗೆ ಹೋಗುವ ಹಾಗಿರುವುದಿಲ್ಲ. ಇದನ್ನೆಲ್ಲ ಬೇಸರವಿಲ್ಲದೆ ಹೇಳುವವರ ಮನೆಯನ್ನೇ ಆರಿಸಿ.

ಮೂರು ರಾತ್ರಿಗೆ ಮೂರು ಊರು ಬೇಡ. ಒಂದೇ ಕಡೆ ಇಳಿದುಕೊಂಡು ಸುತ್ತ ಒಂದು ಗಂಟೆಯ ದೂರದಲ್ಲಿ ಓಡಾಡಿ. ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟುವ ಕೆಲಸ ಯಾರ ತಲೆಗೆ ಬರುತ್ತದೆ ಅಂತ ಎಲ್ಲ ಮನೆಗೂ ಗೊತ್ತು.

8. ಕಾರು

ಎ.ಸಿ., ಕೂಲೆಂಟ್, ಟೈರ್. ಈ ಮೂರನ್ನು ಹೊರಡುವ ವಾರ ಮೊದಲೇ ತೋರಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಹಿಡಿಸಿ, ಸ್ಟೆಪ್ನಿಗೂ ಮರೆಯದೆ. ಘಟ್ಟ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿ, ಎರಡನೇ ಗೇರಿನಲ್ಲಿ ಇಳಿಯಿರಿ. ಏಪ್ರಿಲ್ ಸಂಜೆ ನಾಲ್ಕರ ಮೇಲೆ ಗುಡುಗು, ಆಲಿಕಲ್ಲು ಮಳೆ ಬರುವುದು ಸಾಮಾನ್ಯ. ವೈಪರ್ ಬೇಸಿಗೆಯಲ್ಲಿ ಒಣಗಿ ಸೀಳಿರುತ್ತದೆ, ಬದಲಿಸಿ. ಗಾಳಿ ಎದ್ದಾಗ ಮರದ ಕೆಳಗೆ ನಿಲ್ಲಿಸಬೇಡಿ.

ಒಂದು ಉದಾಹರಣೆ

ಬೆಂಗಳೂರಿನ ಒಂದು ಮನೆ ಅಂದುಕೊಳ್ಳಿ. ಮೂರು ರಾತ್ರಿ, ಎರಡು ಮಕ್ಕಳು, ಒಬ್ಬ ಅಜ್ಜಿ, ಏಪ್ರಿಲ್ ಎರಡನೇ ವಾರ. ಪಟ್ಟಿಯಲ್ಲಿ ಜೋಗ, ಹಂಪಿ, ಗೋಕರ್ಣ, ಊಟಿ, ಮಡಿಕೇರಿ, ಚಿಕ್ಕಮಗಳೂರು. ಜೋಗಕ್ಕೆ ನೀರಿಲ್ಲ, ಹೋಯಿತು. ಹಂಪಿಯಲ್ಲಿ ಅಜ್ಜಿಗೆ ಬಿಸಿಲು ತಡೆಯುವುದಿಲ್ಲ. ಗೋಕರ್ಣ ದೂರ. ಊಟಿಗೆ ಪಾಸ್ ಸಿಗಬಹುದು, ಆದರೆ ಏಪ್ರಿಲ್‌ನ ಜನಜಂಗುಳಿ ನನಗಂತೂ ಇಷ್ಟವಿಲ್ಲ. ಉಳಿದದ್ದು ಮಡಿಕೇರಿ ಮತ್ತು ಚಿಕ್ಕಮಗಳೂರು. ಎರಡೂ ಕಡೆ ಫೋನ್ ಮಾಡಿದರೆ ಕೊಡಗಿನಲ್ಲಿ ಆರು ದಿನದ ಹಿಂದೆ ಒಳ್ಳೆ ಮಳೆ ಬಿದ್ದಿದೆ ಅಂದರು. ತೀರ್ಮಾನ ಆಯಿತು, ಮೂರು ದಿನ ಬಿಟ್ಟು ಹೊರಡುವುದು.

ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ, ಮದ್ದೂರಿನಲ್ಲಿ ಇಡ್ಲಿ ಜೊತೆಗೆ ವಡೆ. ಹುಣಸೂರು ದಾಟಿ ಬೈಲಕುಪ್ಪೆಯ ಚಿನ್ನದ ಬುದ್ಧನ ಮುಂದೆ ಮಧ್ಯಾಹ್ನದ ಬಿಸಿಲು ಕಳೆಯಿರಿ, ಒಳಗೆ ತಂಪಾಗಿರುತ್ತದೆ, ಮೆಟ್ಟಿಲೂ ಕಡಿಮೆ. ನಾಲ್ಕಕ್ಕೆ ಮೊದಲು ಹೋಮ್‌ಸ್ಟೇ. ಎರಡನೇ ದಿನ ಎಲ್ಲಿಗೂ ಹೋಗಬೇಡಿ. ಬೆಳಿಗ್ಗೆ ತೋಟದಲ್ಲಿ ನಡೆದಾಡಿ, ಮಧ್ಯಾಹ್ನ ನಿದ್ದೆ, ಸಂಜೆ ರಾಜಾಸೀಟ್. ಮೂರನೇ ದಿನ ಬೆಳಿಗ್ಗೆ ಬೇಗ ತಲಕಾವೇರಿಗೆ, ಹನ್ನೊಂದರೊಳಗೆ ವಾಪಸ್. ದುಬಾರೆಗೆ ಹೋಗುವ ಮನಸ್ಸಿದ್ದರೆ ನದಿಯಲ್ಲಿ ನೀರು ಎಷ್ಟಿದೆ ಕೇಳಿಕೊಂಡು ಹೋಗಿ. ರ‍್ಯಾಫ್ಟಿಂಗ್ ಮಳೆಗಾಲದ ಮಾತು.

ವಾಪಸ್ ಬರುವಾಗ ಮೈಸೂರು ದಾರಿ ಬೇಡ. ಕುಶಾಲನಗರದಿಂದ ಕೊಣನೂರು, ಹೊಳೆನರಸೀಪುರ, ಚನ್ನರಾಯಪಟ್ಟಣದ ಮೇಲೆ ಬನ್ನಿ. ರಸ್ತೆ ಸಣ್ಣದು, ಆದರೆ ಲಾರಿ ಕಡಿಮೆ, ಮಕ್ಕಳಿಗೂ ಹೊಸ ಊರುಗಳು. ತಿಂಡಿ ಮುಗಿಸಿ ಎಂಟೂವರೆಗೆ ಹೊರಟರೆ ಮಧ್ಯಾಹ್ನ ಮೂರರೊಳಗೆ ನೆಲಮಂಗಲ ದಾಟುತ್ತೀರಿ. ಅದು ಭಾನುವಾರ ಆಗಿದ್ದರೆ ಇನ್ನೂ ಒಂದು ಗಂಟೆ ಮೊದಲೇ ಹೊರಡಿ.